ಕನ್ನಂಬಾಡಿ ಅಳತೆಗೋಲು ಮಗುಚಿದ್ದೇಕೆ?

ಓದುಗರ ಪತ್ರ: ನಾವು ಮಂಡ್ಯದ ಚಿತ್ರಕಲಾ ವಿದ್ಯಾರ್ಥಿಗಳು. ಮಳೆಗಾಲ ಬದಲಾಗುತ್ತಿರುವುದನ್ನು ತೋರಿಸಲು 10 ಅಡಿ ಎತ್ತರ, 6 ಅಡಿ ಅಗಲದ ಬಿದಿರಿನ ಚೌಕಟ್ಟಿಗೆ ಹಳೆ ಸೀರೆ ಬಿಗಿದು, ಕನ್ನಂಬಾಡಿ (ಕೆಆರ್‌ಎಸ್) ಅಣೆಕಟ್ಟೆಯ ಒಂದಡಿ ನೀರಿಗೆ ಒಂದಿಂಚಿನಂತೆ ಗುರುತು ಬರೆದು ರಸ್ತೆ ಬದಿಯಲ್ಲಿ ನಿಲ್ಲಿಸಿದ್ದೆವು. ಹಿಂದು ಮುಂದಿನ ಕಾಲುಗಳ ಅಂತರ 4 ಅಡಿ. ತಲಾ 25 ಕೆ.ಜಿ.ಯ 8 ಮರಳು ಚೀಲಗಳನ್ನು ಯಾರಿಗೂ ಕಾಣದಂತೆ ಹಿಂದಿನ ಕಾಲುಗಳ ಮೇಲಿಟ್ಟಿದ್ದೆವು. ಆದರೂ ಮೂರನೇ ದಿನ ಗಾಳಿಗೆ ಹಿಂದಕ್ಕೆ ಮಗುಚಿತು. ದಸರೆಗೆ ಮೈಸೂರಿನಲ್ಲಿ ಮತ್ತೆ ನಿಲ್ಲಿಸುವ ಆಸೆ. ತಪ್ಪಿದ್ದೆಲ್ಲಿ?

ಸಂಪಾದಕರ ಉತ್ತರ: ಚೀಲಗಳನ್ನು ಬಚ್ಚಿಟ್ಟದ್ದೇ ತಪ್ಪು. ಚೌಕಟ್ಟು ಹಿಂದಕ್ಕೆ ಬೀಳುವಾಗ ಹಿಂದಿನ ಕಾಲೇ ಅದರ ಕೀಲು. ಕೀಲಿನ ಮೇಲೆ ಎಷ್ಟು ಭಾರ ಹೇರಿದರೂ ಪ್ರಯೋಜನವಿಲ್ಲ; ಏಳುವ ಕಾಲನ್ನು, ಅಂದರೆ ಮುಂದಿನದನ್ನು, ಅದುಮಿ ಹಿಡಿಯಬೇಕಿತ್ತು.

ಲೆಕ್ಕ ಹಾಕೋಣ. ಗಂಟೆಗೆ 60 ಕಿ.ಮೀ. ಗಾಳಿ ಚದರ ಮೀಟರಿಗೆ ಕನಿಷ್ಠ 17 ಕೆ.ಜಿ.ಯಷ್ಟು ಒತ್ತುತ್ತದೆ. ನಿಮ್ಮ 60 ಚದರಡಿ ಸೀರೆ ಸುಮಾರು 5.6 ಚದರ ಮೀಟರ್, ಹಾಗಾಗಿ 95 ಕೆ.ಜಿ. ಒತ್ತಡ. ಅದು ನೆಲದಿಂದ 5 ಅಡಿ ಮೇಲೆ ತಳ್ಳುವುದರಿಂದ ಮಗುಚುವ ಬಲ 95×5, ಅಂದರೆ 475. ಚೌಕಟ್ಟಿನ ತೂಕ 30 ಕೆ.ಜಿ. ಎಂದುಕೊಂಡರೆ ಅದು ತಡೆಯುವುದು 30×2 (ಕಾಲುಗಳ ಅಂತರದ ಅರ್ಧ), ಬರೀ 60. ಇದನ್ನು ಮೀರಲು ಸುಮಾರು 22 ಕಿ.ಮೀ. ಗಾಳಿ ಸಾಕು. ಮೂರು ದಿನ ನಿಂತದ್ದೇ ಹೆಚ್ಚು!

ಇನ್ನೊಂದು ತಪ್ಪು ಕಲೆಯದು. ನನಗೆ ಅದೇ ದೊಡ್ಡದಾಗಿ ಕಂಡಿತು. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ನಿಮ್ಮ ಅಳತೆಯಲ್ಲಿ ಅದಕ್ಕೆ 10 ಅಡಿ 5 ಇಂಚು ಬೇಕು. ನಿಮ್ಮ ಕೋಲು 120ಕ್ಕೇ ಮುಗಿಯಿತು. ಮಂಡ್ಯದ ರೈತ ಬಾಯಿಪಾಠವಾಗಿ ಹೇಳುವ ಅಂಕಿಗೇ ಜಾಗವಿಲ್ಲ. ಜೊತೆಗೆ, ಕಟ್ಟೆಯ ಹಿಂದೆ ನೀರು ನಿಲ್ಲುವ ಜಾಗ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ. 100 ಅಡಿ ಇರುವಾಗ ನಿಮ್ಮ ಕೋಲು ಬಹುಪಾಲು ತುಂಬಿದಂತೆ ಕಾಣುತ್ತದೆ, ಆದರೆ ಒಳಗಿನ ನೀರು ಪೂರ್ಣ ಸಾಮರ್ಥ್ಯವಾದ 49.45 ಟಿಎಂಸಿಯ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಅರ್ಧವೂ ಇರುವುದಿಲ್ಲ. ಆದ್ದರಿಂದ ಬಟ್ಟೆಯನ್ನು ಕೆಳಗೆ ಕಿರಿದು, ಮೇಲೆ ಅಗಲ ಮಾಡಿ.

ಹಾಗೆ ಮಾಡಿದರೆ ಗಾಳಿಯ ಹೊಡೆತವೂ ಮೇಲಕ್ಕೆ ಏರುತ್ತದೆ. ಅದಕ್ಕೆ ಸೀರೆಯನ್ನು 4 ಇಂಚಿನ ಅಡ್ಡ ಪಟ್ಟಿಗಳಾಗಿ ಹರಿದು, ನಡುವೆ 4 ಇಂಚು ಬಿಟ್ಟು ಕಟ್ಟಿ. ಒತ್ತಡ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಾಲುಗಳ ಅಂತರ 6 ಅಡಿ ಮಾಡಿ, ಮುಂದೆ 4, ಹಿಂದೆ 4 ಚೀಲ ಇಡಿ. ಆಗ ಮಗುಚುವ ಬಲ ಸುಮಾರು 325, ತಡೆಯುವುದು 690 (ಮುಂದಿನ ಚೀಲಗಳು 100×6, ಚೌಕಟ್ಟು 30×3). ಅದೇ 8 ಚೀಲ ಸಾಕು! ಕಾಲುಗಳಿಗೆ ಅಡ್ಡ ಗಳ ಕಟ್ಟಿ ಅದರ ಮೇಲೆ ಚೀಲವಿಟ್ಟು ಹಗ್ಗ ಬಿಗಿಯಿರಿ, ಇಲ್ಲದಿದ್ದರೆ ಚೀಲ ನೆಲದಲ್ಲೇ ಉಳಿದು ಕಾಲು ಮಾತ್ರ ಏಳುತ್ತದೆ. ಹತ್ತಿ ಸೀರೆ ಹಿಂಗಾರು ಮಳೆಗೆ ನೆನೆದು ಜೋತು ಬೀಳುತ್ತದೆ, ಸಿಂಥೆಟಿಕ್ ಆರಿಸಿ.

ಬಿದಿರಿಗೆ ಮೊಳೆ ಹೊಡೆಯಬೇಡಿ, ಸೀಳುತ್ತದೆ. ಗಿಣ್ಣಿನ ಪಕ್ಕದಲ್ಲಿ ಡ್ರಿಲ್ ಮಾಡಿ, ವಾಷರ್ ಸಮೇತ ಬೋಲ್ಟ್ ಹಾಕಿ. ಹಗ್ಗದಲ್ಲೇ ಕಟ್ಟುವುದಾದರೆ ಹಸಿ ಬಿದಿರು ಒಣಗಿ ಸೊರಗುತ್ತದೆ, ಗಂಟು ಸಡಿಲವಾಗುತ್ತದೆ; ಮೂರು ನಾಲ್ಕು ದಿನಕ್ಕೊಮ್ಮೆ ಮತ್ತೆ ಬಿಗಿಯಬೇಕು. ಒಂದು ತಿಂಗಳಿಗಿಂತ ಕಡಿಮೆ ಇಡುವುದಾದರೆ ಹುಳುವಿನ ಔಷಧಿಗೆ ದುಡ್ಡು ಸುರಿಯಬೇಡಿ. ಅಲಂಕಾರಕ್ಕೆ ಹಸಿ ಕಬ್ಬಿನ ಸೋಗೆಯೂ ಬೇಡ. ಸಂಜೆಯೊಳಗೆ ದನಗಳು ಬಂದು ವಿಮರ್ಶೆ ಮುಗಿಸಿರುತ್ತವೆ.

ಪಾಲಿಕೆ ಮತ್ತು ಪೊಲೀಸರ ಅನುಮತಿ ಮೊದಲೇ ಪಡೆಯಿರಿ, ದಸರಾ ಜನಸಂದಣಿಯ ದಾರಿಗೆ ಅಡ್ಡವಾಗಬಾರದು. ದೀಪ ಬೇಕೆಂದರೆ 12 ವೋಲ್ಟಿನ ಎಲ್‌ಇಡಿ ಮಾತ್ರ.

ಅಂದಿನ ಮಟ್ಟ ತೋರಿಸಲು ಕೆಂಪು ಬಟ್ಟೆಯ ಗುರುತೊಂದನ್ನು ಕಟ್ಟಿ. ಪತ್ರಿಕೆಯಲ್ಲಿ ಬರುವ ಅಂಕಿ ನೋಡಿ ಪ್ರತಿ ಬೆಳಿಗ್ಗೆ ಅದನ್ನು ಸರಿಸಲು ಪಾಳಿ ಹಾಕಿಕೊಳ್ಳಿ. ಸರಿಸಲು ಚೌಕಟ್ಟಿಗೆ ಏಣಿ ಒರಗಿಸಬೇಡಿ, ಮೇಲಿನ ಲೆಕ್ಕದಲ್ಲಿ ಮನುಷ್ಯನ ಭಾರ ಸೇರಿಲ್ಲ. ತುದಿಗೊಂದು ಸಣ್ಣ ರಾಟೆ ಹಾಕಿ, ಬಾವುಟ ಏರಿಸಿದಂತೆ ಕೆಳಗಿನಿಂದಲೇ ಹಗ್ಗ ಎಳೆಯಿರಿ.