ಮೂರು ಸಹಿ ಬೇಕೋ, ಮೂರು ಜನ ಬೇಕೋ?

ಪ್ರಿಯ ಮೇಡಂ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಹಾಗಾಗಿ ಉಳಿದ ಓದುಗರಿಗಾಗಿ ನಿಮ್ಮ ಮಾತನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ.

ನೀವು ಒಂದು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕಿ. ಅಲ್ಲಿ ಈ ವರ್ಷ ಸೀಡ್ ಫಂಡ್‌ಗೆ, ಅಂದರೆ ಹೊಸ ಸಂಶೋಧನೆ ಶುರು ಮಾಡಲು ಸಂಸ್ಥೆಯೇ ಕೊಡುವ ಸಣ್ಣ ಮೊತ್ತಕ್ಕೆ, ಅರ್ಜಿ ಕರೆದಿದ್ದಾರೆ. ಮೂರು ಬೇರೆ ಬೇರೆ ವಿಭಾಗದವರು ಒಂದು ತಂಡವಾಗಿ ಬಂದರೆ 3 ಲಕ್ಷ ರೂಪಾಯಿ. ಊರ ಕೆರೆಯನ್ನು ಮುಚ್ಚಿಕೊಂಡಿರುವ ಅಂತರಗಂಗೆ ಕಳೆಯ ಮೇಲೆ ಕೆಲಸ ಮಾಡಬೇಕು ಅಂತ ನಿಮಗೆ ಬಹಳ ದಿನದ ಆಸೆ. ಅದಕ್ಕೆ ರಸಾಯನಶಾಸ್ತ್ರದವರೂ ಬೇಕು, ಅರ್ಥಶಾಸ್ತ್ರದವರೂ ಬೇಕು. ಆದರೆ ಹತ್ತು ವರ್ಷ ಒಂದೇ ಕ್ಯಾಂಪಸ್ಸಿನಲ್ಲಿದ್ದರೂ ಅವರ ಪರಿಚಯ ನಿಮಗಿಲ್ಲ. ‘ಎಲ್ಲರೂ ಸಹಿಗಾಗಿ ಜನ ಹುಡುಕುತ್ತಿದ್ದಾರೆ. ಇಷ್ಟು ಸಣ್ಣ ದುಡ್ಡಿನಲ್ಲಿ ಆಗುವುದಾದರೂ ಏನು? ನಾಳೆ ಪ್ರಮೋಷನ್ ವೇಳೆ ಇದಕ್ಕೆ ಬೆಲೆಯೂ ಇಲ್ಲ. ಅರ್ಜಿ ಹಾಕದೇ ಇರೋದೇ ವಾಸಿ ಅಲ್ವಾ?’ ಎಂದು ಕೇಳಿದ್ದೀರಿ.

ಹಾಕಿ ಮೇಡಂ. ಯಾಕೆ ಅಂತ ಹೇಳುವ ಮೊದಲು ಒಂದು ಒಲೆಯ ವಿಷಯ ಹೇಳಬೇಕು.

ನನ್ನ ಅಜ್ಜಿಯ ಅಡುಗೆಮನೆಯಲ್ಲಿ ಅಸ್ತ್ರ ಒಲೆ ಇತ್ತು. ಮಣ್ಣಿನ ಒಲೆ, ಮೂರು ಬಾಯಿ, ಹೊಗೆ ಹೊರಗೆ ಹೋಗಲು ಒಂದು ಕೊಳವೆ. ಮೊದಲ ಬಾಯಲ್ಲಿ ಅನ್ನ, ಎರಡನೆಯದರಲ್ಲಿ ಸಾರು, ಮೂರನೆಯದರಲ್ಲಿ ಯಾವಾಗಲೂ ಬಿಸಿನೀರು. ಒಂದೇ ಉರಿ ಮೂರು ಪಾತ್ರೆಗಳ ಅಡಿ ಹಾದು ಹೋಗುತ್ತಿತ್ತು. ಅದು ಬಂದ ಮೇಲೆ ಅಜ್ಜಿ ಕಣ್ಣೊರೆಸಿಕೊಳ್ಳುವುದು ಕಡಿಮೆಯಾಯಿತು. ಆ ಹೆಸರು ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ನಂತರ.

ಅಸ್ತ್ರ ಅನ್ನುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಒಂದು ತಂಡ. ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ಹೇಗೆ ಉಪಯೋಗವಾದೀತು ಎಂದು ನೋಡುವುದು ಅದರ ಕೆಲಸ. ಕಟ್ಟಿದವರು ಅಮೂಲ್ಯ ರೆಡ್ಡಿ. ಅವರು ಒಲೆಯ ತಜ್ಞರಲ್ಲ, ವಿದ್ಯುತ್ ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು ಮಾಡಿದವರು. ಜೊತೆಗೆ ಬಂದ ಕೆ.ಎಸ್. ಜಗದೀಶ್ ಸಿವಿಲ್ ಎಂಜಿನಿಯರಿಂಗ್‌ನವರು. ಇನ್ನೂ ಬೇರೆ ಬೇರೆ ವಿಭಾಗದವರು ಸೇರಿದರು. ಆಗ ನಿರ್ದೇಶಕರಾಗಿದ್ದವರು ಸತೀಶ್ ಧವನ್. ಅವರ ಬೆಂಬಲ ಇತ್ತು. ಮರುವರ್ಷ, 1975ರಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದೇ ಆವರಣದಲ್ಲಿ ಹುಟ್ಟಿಕೊಂಡಿತು. ಅಸ್ತ್ರಕ್ಕೆ ಸಿಕ್ಕ ಈ ಬೆಂಬಲವನ್ನು ಇವತ್ತಿನ ಅರ್ಥದ ಸೀಡ್ ಫಂಡ್ ಅನ್ನಲಾಗದು. ಆದರೆ ಸಂಸ್ಥೆ ಕೊಡಬೇಕಾದ ಮುಖ್ಯವಾದದ್ದನ್ನು ಕೊಟ್ಟಿತ್ತು. ವಿಭಾಗದ ಗೋಡೆ ದಾಟಿ ಹೋಗಲು ಅನುಮತಿ ಮತ್ತು ಸಮಯ.

ಅಸ್ತ್ರ ತಂಡದವರು ಹೋಗಿದ್ದು ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿಗೆ. ಉಂಗ್ರದಲ್ಲಿ ಒಂದು ಕೇಂದ್ರ ಮಾಡಿಕೊಂಡು ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಲೆಕ್ಕ ತೆಗೆದರು. ಎಷ್ಟು ಸೌದೆ ಉರಿಯುತ್ತದೆ? ನೀರು ಯಾರು ತರುತ್ತಾರೆ? ಎಷ್ಟು ಹೊತ್ತು ಹಿಡಿಯುತ್ತದೆ? ಪುರ ಎಂಬ ಹಳ್ಳಿಯಲ್ಲಿ ಸಿಕ್ಕ ಲೆಕ್ಕ ನೋಡಿ: ಮನುಷ್ಯರು ಸುರಿಸುವ ಒಟ್ಟು ದುಡಿಮೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರದು. ಊರಿನ ಇಂಧನದಲ್ಲಿ ಬಹುಪಾಲು ಸೌದೆ. ಇಂಥ ಪ್ರಶ್ನೆಗಳು ಯಾವ ವಿಭಾಗದ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಒಲೆ ಸುಧಾರಿಸುವ ಕೆಲಸಕ್ಕೆ ಬಲ ಬಂದಿದ್ದು ಇಂಥ ತಿಳಿವಳಿಕೆಯಿಂದ.

ಪುರದ ಗೋಬರ್ ಗ್ಯಾಸ್ ಕತೆ ನನಗೆ ಇನ್ನೂ ಇಷ್ಟ. ಊರಿಗೆಲ್ಲ ಅಡುಗೆಗೆ ಗ್ಯಾಸ್ ಕೊಡಬೇಕು ಅಂತ ಹೊರಟರು. ಅಷ್ಟು ಸಗಣಿ ಊರಲ್ಲಿ ಇರಲಿಲ್ಲ. ಯೋಜನೆ ಸೋತಿತು. ಆಮೇಲೆ ಊರವರ ಮಾತಿಗೆ ಕಿವಿಗೊಟ್ಟಾಗ ಅವರಿಗೆ ಮೊದಲು ಬೇಕಿದ್ದದ್ದು ನೀರು ಅಂತ ಅರ್ಥವಾಯಿತು. ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟ್ ಮಾಡಿ, ಬೋರ್‌ವೆಲ್ ನೀರೆತ್ತಿ ನಲ್ಲಿಗೆ ಬಿಟ್ಟರು. ಮನೆಗಳಿಗೆ ದೀಪ ಬಂತು. ಸಗಣಿ ಹೊತ್ತು ತಂದವರಿಗೆ ಕಿಲೋಗೆ 2 ಪೈಸೆ, ಮೇಲೆ ಗೊಬ್ಬರ ವಾಪಸ್. 1987ರ ಹೊತ್ತಿಗೆ ಇದು ನಡೆಯುತ್ತಿತ್ತು. ಸೋತ ಮೇಲೂ ತಂಡ ಒಡೆಯಲಿಲ್ಲ ಅನ್ನುವುದನ್ನು ಗಮನಿಸಿ. ಬರೀ ಸಹಿಗಾಗಿ ಸೇರಿದ್ದರೆ ಅವತ್ತೇ ಬೇರೆಯಾಗುತ್ತಿದ್ದರು.

ಪರಿಚಯವೇ ಇಲ್ಲ ಅಂದಿರಲ್ಲ, ಅದು ನಿಮ್ಮೊಬ್ಬರ ತಪ್ಪಲ್ಲ. ಹಾರ್ವರ್ಡ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ವೈದ್ಯಕೀಯ ಇಮೇಜಿಂಗ್‌ಗೆ ಸಣ್ಣ ಅನುದಾನ ಕೊಡುವ ಮೊದಲು ಸುಮಾರು 400 ವಿಜ್ಞಾನಿಗಳನ್ನು ಚೀಟಿ ಎತ್ತಿದ ಹಾಗೆ ಬೇರೆ ಬೇರೆ ಕೋಣೆಗೆ ಹಂಚಿ, 90 ನಿಮಿಷ ಮಾತಾಡಲು ಬಿಟ್ಟರು. ಒಂದೇ ಕೋಣೆಯಲ್ಲಿದ್ದ ಇಬ್ಬರು ಸೇರಿ ಅರ್ಜಿ ಹಾಕುವ ಸಾಧ್ಯತೆ ಶೇ. 75ರಷ್ಟು ಹೆಚ್ಚಾಯಿತು. ಮೊದಲಿದ್ದ ಸಾಧ್ಯತೆಯೇ ಚಿಕ್ಕದು, ನಿಜ. ಆದರೂ ಒಂದೂವರೆ ಗಂಟೆಗೆ ಅಷ್ಟು ಬಲ! 2017ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ನಿಮ್ಮ ವಿಶ್ವವಿದ್ಯಾಲಯ ಅರ್ಜಿ ಕರೆಯುವ ಮೊದಲು ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಚಹಾ ಕೊಟ್ಟಿದ್ದರೆ ಈ ಸಹಿ ಹುಡುಕಾಟ ಎಷ್ಟೋ ತಪ್ಪುತ್ತಿತ್ತು.

‘ಹೊರಗಿನ ದೊಡ್ಡ ಅನುದಾನಕ್ಕೇ ನೇರವಾಗಿ ಹೋದರೆ ಆಗಲ್ವಾ’ ಅಂತಲೂ ಕೇಳಿದ್ದೀರಿ. ಕಷ್ಟ. ಆಸ್ಟ್ರೇಲಿಯಾದ ಸಂಶೋಧನಾ ಮಂಡಳಿಗೆ ಐದು ವರ್ಷದಲ್ಲಿ ಬಂದ 18 ಸಾವಿರಕ್ಕೂ ಹೆಚ್ಚು ಅರ್ಜಿಗಳನ್ನು ಅಲ್ಲಿನ ಸಂಶೋಧಕರು ಪರಿಶೀಲಿಸಿದ್ದಾರೆ. ಒಂದು ಅರ್ಜಿ ಹೆಚ್ಚು ಹೆಚ್ಚು ಶಾಸ್ತ್ರಗಳಿಗೆ ಹರಡಿಕೊಂಡಷ್ಟೂ ಹಣ ಸಿಗುವುದು ಕಡಿಮೆ. 2016ರ ಮಾತು ಇದು. ಸಸ್ಯಶಾಸ್ತ್ರದವರು ‘ಇದು ಅರ್ಥಶಾಸ್ತ್ರ’ ಅನ್ನುತ್ತಾರೆ, ಅರ್ಥಶಾಸ್ತ್ರದವರು ‘ಇದು ಸಸ್ಯಶಾಸ್ತ್ರ’ ಅನ್ನುತ್ತಾರೆ. ಅದಕ್ಕೇ ಮೊದಲ ದುಡ್ಡನ್ನು ಮನೆಯವರೇ, ಅಂದರೆ ನಿಮ್ಮ ಸಂಸ್ಥೆಯೇ, ಕೊಡಬೇಕು. ಒಂದಿಷ್ಟು ಕೆಲಸ ಮಾಡಿ ತೋರಿಸಿದ ಮೇಲೆ ಹೊರಗಿನವರ ಮುಂದೆ ನಿಲ್ಲುವ ಧೈರ್ಯ ಬರುತ್ತದೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ 2012ರಲ್ಲಿ ಎಂಕ್ಯೂಬ್ಡ್ ಅನ್ನುವ ಯೋಜನೆ ತಂದಾಗ ಇನ್ನೂ ಮುಂದೆ ಹೋಯಿತು. ಒಬ್ಬೊಬ್ಬ ಅಧ್ಯಾಪಕರ ಪಾಲಿಗೆ 20 ಸಾವಿರ ಡಾಲರ್ ಬೆಲೆಯ ಒಂದು ಟೋಕನ್. ಬೇರೆ ಬೇರೆ ಕಡೆಯ ಮೂವರು ಟೋಕನ್ ಸೇರಿಸಿದರೆ 60 ಸಾವಿರ. ಉದ್ದದ ಅರ್ಜಿ ಇರಲಿಲ್ಲ, ತಜ್ಞರ ಸಮಿತಿ ಕೂತು ಅಂಕ ಹಾಕುತ್ತಿರಲಿಲ್ಲ. ಹಣದ ಮುಖ್ಯ ಉಪಯೋಗ ಒಬ್ಬ ವಿದ್ಯಾರ್ಥಿಯನ್ನೋ ಪಿಎಚ್‌ಡಿ ಮುಗಿಸಿದ ಸಂಶೋಧಕರನ್ನೋ ನೇಮಿಸಿಕೊಳ್ಳುವುದಾಗಿತ್ತು. ಮೂವರ ನಡುವೆ ಓಡಾಡುವ ಒಬ್ಬ ಹುಡುಗ ಅಥವಾ ಹುಡುಗಿ ಇದ್ದರೆ ತಂಡ ತಾನಾಗಿ ಬೆಸೆದುಕೊಳ್ಳುತ್ತದೆ ಅಂತ ನನಗೂ ಅನ್ನಿಸುತ್ತದೆ.

ಅಷ್ಟು ದುಡ್ಡು ನಮ್ಮಲ್ಲಿ ಎಲ್ಲಿದೆ ಅನ್ನಬೇಡಿ. ನಿಮ್ಮ 3 ಲಕ್ಷವನ್ನೇ ನೋಡಿ. ತಿಂಗಳಿಗೆ 20 ಸಾವಿರದಂತೆ ಒಬ್ಬ ಪ್ರಾಜೆಕ್ಟ್ ಸಹಾಯಕರಿಗೆ ಒಂದು ವರ್ಷಕ್ಕೆ 2 ಲಕ್ಷ 40 ಸಾವಿರ. ಉಳಿದ 60 ಸಾವಿರ ಓಡಾಟಕ್ಕೆ, ನೀರಿನ ಮಾದರಿ ಪರೀಕ್ಷೆಗೆ. ದಯವಿಟ್ಟು ಉಪಕರಣ ಕೊಳ್ಳಬೇಡಿ. ಬೀರುವಿನಲ್ಲಿ ಬೀಗ ಬೀಳುವ ಯಂತ್ರಕ್ಕಿಂತ ಕೆರೆ ದಂಡೆಯಲ್ಲಿ ನಿಲ್ಲುವ ಒಬ್ಬ ಮನುಷ್ಯ ನಿಮಗೆ ಈಗ ಮುಖ್ಯ.

ಇನ್ನು ಪ್ರಮೋಷನ್ ವಿಷಯ. ಇಲ್ಲಿ ನಿಮ್ಮ ದೂರು ಪೂರ್ತಿ ಸರಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿ ಪ್ರಕಾರ ಇಬ್ಬರು ಸೇರಿ ಪ್ರಬಂಧ ಬರೆದರೆ ಆ ಪ್ರಬಂಧದ ಅಂಕದಲ್ಲಿ ತಲಾ ಶೇ. 70. ಇಬ್ಬರಿಗಿಂತ ಹೆಚ್ಚಿದ್ದರೆ ಮೊದಲ ಲೇಖಕರಿಗೆ ಅಥವಾ ಕರೆಸ್ಪಾಂಡಿಂಗ್ ಲೇಖಕರಿಗೆ (ಪತ್ರಿಕೆಯೊಂದಿಗೆ ವ್ಯವಹರಿಸುವವರಿಗೆ) ಶೇ. 70, ಉಳಿದವರಿಗೆ ತಲಾ ಶೇ. 30. ಅಂದರೆ ಮೂವರು ಸೇರಿ ಅಂತ ಒಂದು ಕೈ ಕರೆಯುತ್ತದೆ, ಸೇರಿದ್ದಕ್ಕೆ ಇನ್ನೊಂದು ಕೈ ಅಂಕ ಕಳೆಯುತ್ತದೆ. ಒಂದು ವಿಶ್ವವಿದ್ಯಾಲಯ ಒಬ್ಬಂಟಿಯಾಗಿ ಈ ಸೂತ್ರ ಬದಲಿಸಲಾಗದು. ಆದರೆ ಹಣವನ್ನು ಜನವರಿಯಲ್ಲಿ ಬಿಡುಗಡೆ ಮಾಡಿ ಮಾರ್ಚ್ 31ರೊಳಗೆ ಹಣ ಖರ್ಚಾದ ಲೆಕ್ಕದ ಯುಟಿಲೈಸೇಷನ್ ಸರ್ಟಿಫಿಕೇಟ್ ಕೇಳದೇ ಇರುವುದು, ಎರಡು ವರ್ಷ ಕೊಡುವುದು, ಮೊದಲ ವರ್ಷವೇ ಪ್ರಬಂಧ ಎಲ್ಲಿ ಅಂತ ಕೇಳದೇ ಇರುವುದು, ಇದಿಷ್ಟಾದರೂ ಅಲ್ಲಿನ ಹಿರಿಯರ ಕೈಯಲ್ಲಿದೆ. ಅವರಲ್ಲಿ ಕೆಲವರು ಈ ಪತ್ರಿಕೆ ಓದುತ್ತಾರೆ. ಓದಲಿ ಅಂತಲೇ ಬರೆಯುತ್ತಿದ್ದೇನೆ.

ನೀವು ತಂಡದ ಒಳಗೇ ಒಂದು ಮಾತು ಮಾಡಿಕೊಳ್ಳಬಹುದು. ಮೂರು ಪ್ರಬಂಧ ಬಂದರೆ ಮೂವರೂ ಒಂದೊಂದರಲ್ಲಿ ಮೊದಲ ಹೆಸರು. ಇದನ್ನು ಕೆಲಸ ಶುರುವಾಗುವ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಹೇಳಲು ಮುಜುಗರವಾಗುತ್ತದೆ.

ಅರ್ಜಿಗೆ ಇನ್ನೂ ಮೂರು ವಾರ ಇದೆ ಅಂದಿದ್ದೀರಿ. ಈ ಶನಿವಾರ ಆ ಇಬ್ಬರನ್ನೂ ಕರೆದುಕೊಂಡು ಕೆರೆಗೆ ಹೋಗಿ. ಫಾರಂ ತೆಗೆದುಕೊಂಡು ಹೋಗಬೇಡಿ. ಅಲ್ಲಿ ಮೀನು ಹಿಡಿಯುವವರಿಗೆ ಎಷ್ಟು ನಷ್ಟವಾಗಿದೆ ಎಂದು ಅರ್ಥಶಾಸ್ತ್ರದವರು ಕೇಳಲಿ. ಚರಂಡಿ ನೀರು ಎಲ್ಲಿಂದ ಸೇರುತ್ತಿದೆ ಎಂದು ರಸಾಯನಶಾಸ್ತ್ರದವರು ನೋಡಲಿ. ಅಂತರಗಂಗೆ ಕಿತ್ತಷ್ಟೂ ಯಾಕೆ ಬೆಳೆಯುತ್ತದೆ ಅಂತ ನೀವು ಅವರಿಬ್ಬರಿಗೆ ತೋರಿಸಿ. ಬಂದ ಮೇಲೆ ಏನಾಯಿತು ಅಂತ ನನಗೆ ಇನ್ನೊಂದು ಪತ್ರ ಬರೆಯಿರಿ. ಅದನ್ನು ಪೂರ್ತಿ ಅಚ್ಚು ಹಾಕುತ್ತೇನೆ.

— ಸಂಪಾದಕ