ಕಿವಿಯಲ್ಲಿ ಸದಾ ಗುಂಯ್ ಅನ್ನುತ್ತದೆ. ಕಾರಣ ಏನಿರಬಹುದು?

ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯಾ ಅಂತ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಎಷ್ಟೋ ಜನರಿಗೆ ಅದನ್ನು ತೆಗೆಸಿದರೆ ಸಾಕು, ಸದ್ದು ನಿಲ್ಲುತ್ತದೆ. ಹೇರ್‌ಪಿನ್, ಬೆಂಕಿಕಡ್ಡಿ ಹಾಕಿ ಕೆದಕಲೇಬೇಡಿ.

ಗುಗ್ಗೆ ಇಲ್ಲ ಅಂದರೆ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಈ ಪರೀಕ್ಷೆ ಮಾಡುತ್ತಾರೆ. ಜಾಸ್ತಿ ಕಾಣುವ ಕಾರಣ ಅಂದರೆ ಕಿವಿ ಮಂದವಾಗಿರುವುದು. ವಯಸ್ಸಿನಿಂದ ಆಗಬಹುದು, ಪವರ್‌ಲೂಮ್, ಡಿಜೆ, ಇಯರ್‌ಫೋನ್ ಸದ್ದಿನಿಂದಲೂ ಆಗಬಹುದು. ಒಳಕಿವಿಯ ಸೂಕ್ಷ್ಮ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಸಂಕೇತ ಕಡಿಮೆಯಾದಾಗ ಮೆದುಳು ತಾನೇ ವಾಲ್ಯೂಮ್ ಏರಿಸಿಕೊಳ್ಳುತ್ತದೆ, ಆಗ ಇಲ್ಲದ ಸದ್ದು ಕೇಳಿಸುತ್ತದೆ ಅನ್ನುವುದು ಹೆಚ್ಚಿನ ತಜ್ಞರ ಅಭಿಪ್ರಾಯ. ಇಂಥವರಿಗೆ ಹಿಯರಿಂಗ್ ಏಡ್ ಹಾಕಿದರೆ ಗುಂಯ್ ಕೂಡ ಎಷ್ಟೋ ಸಲ ತಗ್ಗುತ್ತದೆ.

ಹೆಚ್ಚು ಡೋಸ್ ಆಸ್ಪಿರಿನ್, ಜೆಂಟಾಮೈಸಿನ್ ಇಂಜೆಕ್ಷನ್‌ನಿಂದಲೂ ಹೀಗಾಗುತ್ತದೆ. ತಗೊಳ್ಳುವ ಔಷಧಿಗಳನ್ನೆಲ್ಲ ಡಾಕ್ಟರಿಗೆ ಹೇಳಿ, ಸುಮ್ನೆ ನೀವಾಗೇ ನಿಲ್ಲಿಸಬೇಡಿ.

ಒಂದೇ ಕಿವಿಯಲ್ಲಿ ಸದ್ದು ಬರುತ್ತಿದ್ದರೆ, ಎದೆಬಡಿತದ ಲಯಕ್ಕೆ ಕೇಳುತ್ತಿದ್ದರೆ ತಡಮಾಡಬೇಡಿ. ದಿಢೀರ್ ಅಂತ ಕಿವಿ ಕೇಳದಂತಾದರೆ ಅದೇ ದಿನ ಹೋಗಿ. ಅದಕ್ಕೆ ಚಿಕಿತ್ಸೆ ಇದೆ, ಬೇಗ ಶುರುವಾಗಬೇಕು ಅಷ್ಟೆ.

ರಾತ್ರಿಯ ನಿಶ್ಶಬ್ದದಲ್ಲೇ ಇದರ ಕಾಟ ಜಾಸ್ತಿ ಅಲ್ವಾ? ಫ್ಯಾನ್ ಹಾಕಿ, ಇಲ್ಲವೇ ಮಳೆಯ ಸದ್ದನ್ನು ಮೆಲ್ಲಗೆ ಹಚ್ಚಿಟ್ಟು ಮಲಗಿ.