ಅಗ್ಗದ ಬೇಳೆ, ನಿಂತೇ ಬಿಲ್ ಹಾಕುವ ಹೆಣ್ಣುಮಗಳು

ತಿಪಟೂರಿನ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ (ಹೆಸರು ಬೇಡ ಎಂದಿದ್ದಾರೆ): "ಕಳೆದ ಸಂಚಿಕೆಯಲ್ಲಿ ಬಾಗಿಲು ಹಾಕಿದ ದಿನಸಿ ಅಂಗಡಿಗಳ ಬಗ್ಗೆ ನಾಲ್ಕು ಪುಟ ಬರೆದಿದ್ದೀರಿ. ಓದಿ ಬೇಸರವಾಯಿತು, ಸ್ವಲ್ಪ ಸಿಟ್ಟೂ ಬಂತು. ಹೊಸ ಮಾರ್ಟಿನಿಂದ ತಿಂಗಳಿಗೆ ಆರೇಳು ನೂರು ರೂಪಾಯಿ ಉಳಿಸುತ್ತಿರುವ ನನ್ನಂಥವರ ಬಗ್ಗೆ ಒಂದು ಸಾಲೂ ಇಲ್ಲ. ಹೋದ ವರ್ಷ ಅಮೆರಿಕದ ಡಾಲಸ್‌ನಲ್ಲಿ ಮಗನ ಮನೆಯಲ್ಲಿದ್ದಾಗ ಆರು ತಿಂಗಳೂ ವಾಲ್‌ಮಾರ್ಟ್‌ನಿಂದಲೇ ಸಾಮಾನು ತಂದೆವು. ಅಲ್ಲಿ ಬಿಲ್ ಹಾಕುವ ಹೆಂಗಸು ನನ್ನ ವಯಸ್ಸಿನವಳು. ಯಾವಾಗ ಹೋದರೂ ನಿಂತೇ ಇರುತ್ತಿದ್ದಳು. ಈ ಅಗ್ಗದ ಅಂಗಡಿಗಳಿಂದ ಅವಳಿಗೆ ಒಳ್ಳೆಯದಾಗಿದೆಯೋ ಕೆಟ್ಟದ್ದೋ? ಅಲ್ಲಿ ಕೊಂಡು ನಾನು ತಪ್ಪು ಮಾಡಿದೆನೇ? ನೇರವಾಗಿ ಹೇಳಿ."

ಅಮ್ಮಾ, ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಆ ಲೇಖನ ಅಚ್ಚಿಗೆ ಹೋಗುವ ಮೊದಲು ಎರಡು ಸಲ ಓದಿದವನು ನಾನು. ಕೊಳ್ಳುವವರ ಕಡೆಯ ಮಾತು ಅದರಲ್ಲಿ ಬಂದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಪಿಂಚಣಿಯಲ್ಲಿ ಮನೆ ನಡೆಸುವವರಿಗೆ ಆರೇಳು ನೂರು ಎಂದರೆ ತಿಂಗಳ ಬಿಪಿ, ಸಕ್ಕರೆ ಮಾತ್ರೆಯ ಖರ್ಚು. ಅದನ್ನು ಬಿಟ್ಟು ಬರೆದದ್ದು ನಮ್ಮ ತಪ್ಪು.

ನೇರವಾಗಿಯೇ ಹೇಳುತ್ತೇನೆ. ಅಗ್ಗದ ಕಡೆ ಕೊಂಡದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆ ಹೆಂಗಸಿಗೆ ಒಳ್ಳೆಯದಾಯಿತೋ ಕೆಟ್ಟದ್ದೋ ಎನ್ನುವುದು, ಅವಳ ಊರಿನಲ್ಲಿ ಅವಳನ್ನು ಕೆಲಸಕ್ಕೆ ಕರೆಯುವ ಇನ್ನೊಂದು ಬಾಗಿಲು ಉಳಿದಿದೆಯೇ ಎಂಬುದರ ಮೇಲೆ ನಿಂತಿದೆ. ತಿಪಟೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಬ್ಬರಿ ಟೆಂಡರಿಗೆ ಇಪ್ಪತ್ತು ವರ್ತಕರು ಬೆಲೆ ಹಾಕಿದ ದಿನದ ರೇಟು ಬೇರೆ, ಇಬ್ಬರೇ ಹಾಕಿದ ದಿನದ ರೇಟು ಬೇರೆ. ಕೊಬ್ಬರಿ ಅದೇ, ಅಟ್ಟದ ಮೇಲೆ ಹಾಕಿ ಕಾದ ತಿಂಗಳುಗಳೂ ಅವೇ. ದುಡಿಮೆಗೂ ಇದೇ ಲೆಕ್ಕ.

ಮೊದಲು ಉಳಿತಾಯದ ಮಾತು. ವಾಲ್‌ಮಾರ್ಟ್ ಶುರುವಾದದ್ದು 1962ರಲ್ಲಿ, ಅರ್ಕನ್ಸಾ ರಾಜ್ಯದ ರೋಜರ್ಸ್ ಎಂಬ ಸಣ್ಣ ಊರಿನಲ್ಲಿ. ದೊಡ್ಡ ಅಂಗಡಿಗಳವರು ತಿರುಗಿಯೂ ನೋಡದ ಊರುಗಳನ್ನೇ ಅದನ್ನು ಕಟ್ಟಿದ ಸ್ಯಾಮ್ ವಾಲ್ಟನ್ ಹುಡುಕಿಕೊಂಡು ಹೋದರು. ಒಂದು ಗೋದಾಮು ಕಟ್ಟುವುದು, ಲಾರಿ ಒಂದು ದಿನದಲ್ಲಿ ಮುಟ್ಟುವಷ್ಟು ದೂರದೊಳಗೆ ಸುತ್ತಲೂ ಅಂಗಡಿ ತೆರೆಯುವುದು, ಇದು ಅವರ ಪದ್ಧತಿ. 1987ರ ಹೊತ್ತಿಗೆ ಅಂಗಡಿಗಳನ್ನೆಲ್ಲ ಉಪಗ್ರಹದ ಮೂಲಕ ಕೇಂದ್ರ ಕಚೇರಿಗೆ ಜೋಡಿಸಿದ್ದರು. ಯಾವ ಊರಿನಲ್ಲಿ ಯಾವ ಸೋಪು ಎಷ್ಟು ಹೋಗುತ್ತಿದೆ ಎಂಬ ಲೆಕ್ಕ ಕೈಯಲ್ಲಿದ್ದರೆ ಮಾಲು ಕೊಳೆಯುವುದಿಲ್ಲ, ದುಡ್ಡು ಗೋದಾಮಿನಲ್ಲಿ ಮಲಗುವುದಿಲ್ಲ. ಅಗ್ಗದ ಈ ಪಾಲು ಯಾರ ಹೊಟ್ಟೆಯ ಮೇಲೂ ಹೊಡೆದು ಬಂದದ್ದಲ್ಲ, ಅಚ್ಚುಕಟ್ಟುತನದಿಂದ ಬಂದದ್ದು. ಜೆರ್ರಿ ಹೌಸ್‌ಮನ್ ಮತ್ತು ಎಫ್ರೈಮ್ ಲೀಬ್‌ಟಾಗ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಇಂಥ ದೊಡ್ಡ ಅಂಗಡಿಗಳಲ್ಲಿ ಆಹಾರ ಪದಾರ್ಥಗಳು ಸಾಮಾನ್ಯ ಸೂಪರ್‌ಮಾರ್ಕೆಟ್‌ಗಿಂತ ಶೇ 15ರಿಂದ 25ರಷ್ಟು ಅಗ್ಗವಿದ್ದವು. ಇದರಿಂದ ಹೆಚ್ಚು ಉಸಿರಾಡಿದ್ದು ಬಡವರ ಮನೆಗಳು, ಏಕೆಂದರೆ ಅಲ್ಲಿ ಸಂಪಾದನೆಯ ದೊಡ್ಡ ಪಾಲು ಹೊಟ್ಟೆಗೇ ಹೋಗುತ್ತದೆ.

ಹಳೆಯ ಅಂಗಡಿಗೆ ಬಂಗಾರದ ನೀರು ಹಾಕುವ ಮನಸ್ಸೂ ನನಗಿಲ್ಲ. ನಾನು ಬೆಳೆದ ಊರಿನಲ್ಲಿ ಶೆಟ್ಟರ ಅಂಗಡಿಯೇ ನಮ್ಮ ಮನೆಯ ಬ್ಯಾಂಕು. ಅಪ್ಪನ ಸಂಬಳ ತಡವಾದ ತಿಂಗಳು ಲೆಕ್ಕದ ಪುಸ್ತಕದಲ್ಲಿ ಬರೆಸಿ ಅಕ್ಕಿ ತರುತ್ತಿದ್ದೆವು. ತೂಕ ಮುಗಿದ ಮೇಲೆ ಶೆಟ್ಟರು ನನ್ನ ಕೈಗೆ ಕೊಸರು ಎಂದು ಒಂದು ಹಿಡಿ ಹುರಿಗಡಲೆ ಹಾಕುತ್ತಿದ್ದರು. ಅದೇ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಹುಡುಗನೊಬ್ಬನಿದ್ದ, ನನಗಿಂತ ಎರಡು ಮೂರು ವರ್ಷ ದೊಡ್ಡವನು. ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆಯುವವನೂ ಅವನೇ, ರಾತ್ರಿ ಗೋಣಿಚೀಲದ ಮೇಲೆ ಮಲಗುವವನೂ ಅವನೇ. ಅವನಿಗೆ ಪಿಎಫ್ ಇರಲಿಲ್ಲ, ಇಎಸ್‌ಐ ಇರಲಿಲ್ಲ, ವಾರದ ರಜೆಯೂ ಇರಲಿಲ್ಲ. ಇವತ್ತು ದೊಡ್ಡ ಮಾರ್ಟಿನಲ್ಲಿ ಕೆಲಸಕ್ಕೆ ಸೇರುವ ಹುಡುಗಿಗೆ ಸಂಬಳದ ಚೀಟಿ ಸಿಗುತ್ತದೆ, ಪಿಎಫ್ ನಂಬರ್ ಸಿಗುತ್ತದೆ. ಆ ಹುಡುಗನನ್ನು ಕಂಡ ನನಗೆ ಇದು ಸಣ್ಣ ವಿಷಯವಲ್ಲ.

ಈಗ ನಿಮ್ಮ ಡಾಲಸ್‌ನ ಹೆಂಗಸಿನ ಕಡೆ ಬರೋಣ. ಡೇವಿಡ್ ನ್ಯೂಮಾರ್ಕ್ ಮತ್ತು ಅವರ ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾಲ್‌ಮಾರ್ಟ್‌ನಲ್ಲಿ ಒಬ್ಬರಿಗೆ ಕೆಲಸ ಸಿಕ್ಕರೆ ಆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಉಳಿದ ಅಂಗಡಿಗಳಲ್ಲಿ ಸುಮಾರು 1.4 ಕೆಲಸ ಹೋಗುತ್ತಿತ್ತು. ಅದಕ್ಕೂ ಮೊದಲು ಎಮೆಕ್ ಬಾಸ್ಕರ್ ಎಂಬ ಅರ್ಥಶಾಸ್ತ್ರಜ್ಞೆಗೆ ಸಿಕ್ಕ ಉತ್ತರ ಬೇರೆ: ಅಂಗಡಿ ತೆರೆದ ವರ್ಷ ಕೌಂಟಿಯಲ್ಲಿ ನೂರರಷ್ಟು ಕೆಲಸ ಹೆಚ್ಚುತ್ತದೆ, ಐದು ವರ್ಷದಲ್ಲಿ ಅದರ ಅರ್ಧ ಕರಗುತ್ತದೆ. ಈ ಜಗಳ ಇನ್ನೂ ಮುಗಿದಿಲ್ಲ. ನನಗೆ ಎಷ್ಟು ಕೆಲಸ ಎನ್ನುವುದಕ್ಕಿಂತ, ಹೋದ ಕೆಲಸದ ಜೊತೆ ಇನ್ನೇನು ಹೋಯಿತು ಎನ್ನುವುದು ದೊಡ್ಡದಾಗಿ ಕಾಣುತ್ತದೆ. ಐದು ಅಂಗಡಿಗಳಿದ್ದಾಗ, ಒಬ್ಬ ಮಾಲೀಕ ಜೋರು ಮಾಡಿದರೆ ಎದುರಿನ ಅಂಗಡಿಗೆ ಹೋಗಬಹುದಿತ್ತು. ಐದರ ಜಾಗದಲ್ಲಿ ಒಂದೇ ಉಳಿದಾಗ "ಬಿಟ್ಟು ಹೋಗ್ತೀನಿ" ಎಂಬ ಮಾತಿಗೆ ತೂಕ ಉಳಿಯುವುದಿಲ್ಲ.

ಒಗ್ಗಟ್ಟಾಗಿ ಕೇಳಿದವರಿಗೆ ಏನಾಯಿತು ಎಂಬುದೂ ದಾಖಲೆಯಲ್ಲಿದೆ. 2000ದಲ್ಲಿ ಟೆಕ್ಸಸ್‌ನ ಜಾಕ್ಸನ್‌ವಿಲ್‌ನಲ್ಲಿ ವಾಲ್‌ಮಾರ್ಟ್ ಅಂಗಡಿಯ ಮಾಂಸ ಕತ್ತರಿಸುವ ವಿಭಾಗದ ಹತ್ತು ಜನರಲ್ಲಿ ಏಳು ಜನ ಕಾರ್ಮಿಕ ಸಂಘ ಬೇಕೆಂದು ಮತ ಹಾಕಿದರು. ಕೆಲವೇ ವಾರಗಳಲ್ಲಿ, ಆ ಅಂಗಡಿಯೂ ಸೇರಿ ನೂರಕ್ಕೂ ಹೆಚ್ಚು ಅಂಗಡಿಗಳಿಗೆ ಇನ್ನು ಪ್ಯಾಕ್ ಮಾಡಿದ ಮಾಂಸವೇ ಬರುತ್ತದೆ ಎಂದು ಕಂಪನಿ ಪ್ರಕಟಿಸಿತು. ಸಂಘಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಕಂಪನಿ ಹೇಳಿತು. ಕೆನಡಾದ ಜಾಂಕಿಯೇರ್ ಎಂಬಲ್ಲಿ 2004ರಲ್ಲಿ ಸಂಘಕ್ಕೆ ಮಾನ್ಯತೆ ಸಿಕ್ಕಿತು, 2005ರಲ್ಲಿ ಅಂಗಡಿಯೇ ಮುಚ್ಚಿತು, ಸುಮಾರು 190 ಜನ ಮನೆಗೆ ಹೋದರು. ಕಂಪನಿ ಮಾಡಿದ್ದು ತಪ್ಪು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2014 ಬಂದಿತ್ತು. ಒಂಬತ್ತು ವರ್ಷ, ಅಮ್ಮಾ. ಅಷ್ಟರಲ್ಲಿ ಮಕ್ಕಳ ಓದೇ ಮುಗಿದಿರುತ್ತದೆ.

ಸಾಮಾನು ಪೂರೈಸುವವರ ಕಥೆಯೂ ಇದೇ. ನಿಮ್ಮ ಕಡೆ ಮಿಡಿಸೌತೆ ಬೆಳೆಯುವ ರೈತರನ್ನು ನೀವು ನೋಡಿರಬಹುದು. ಎಳೆಯದರಲ್ಲೇ ಕೊಯ್ಯಬೇಕು, ಒಂದು ದಿನ ಬಿಟ್ಟರೆ ಕಾಯಿ ದಪ್ಪವಾಗಿ ರೇಟು ಇಳಿಯುತ್ತದೆ. ಅಮೆರಿಕದಲ್ಲಿ ಅದರ ಉಪ್ಪಿನಕಾಯಿ ಮಾರುವ ಹೆಸರುವಾಸಿ ಕಂಪನಿ ವ್ಲಾಸಿಕ್. ಅದರ ಒಂದು ಗ್ಯಾಲನ್ ಡಬ್ಬಿಯನ್ನು, ಎಂದರೆ ಪೌಣೇ ನಾಲ್ಕು ಲೀಟರಿನಷ್ಟನ್ನು, ವಾಲ್‌ಮಾರ್ಟ್ 2.97 ಡಾಲರಿಗೆ ಮಾರಿತು. ಜನ ಮುಗಿಬಿದ್ದರು. ಡಬ್ಬಿಗೆ ಒಂದೆರಡು ಸೆಂಟು ಲಾಭ ಬಿಟ್ಟರೆ ವ್ಲಾಸಿಕ್‌ಗೆ ಏನೂ ಉಳಿಯಲಿಲ್ಲ, ಅದರ ಸಣ್ಣ ಬಾಟಲಿಗಳ ವ್ಯಾಪಾರವನ್ನೂ ಆ ಡಬ್ಬಿಯೇ ತಿಂದಿತು. ಬೆಲೆ ಏರಿಸೋಣ ಎಂದರೆ, ವ್ಯಾಪಾರದ ಶೇ 30ರಷ್ಟು ನಡೆಯುತ್ತಿದ್ದದ್ದು ಆ ಒಂದೇ ಬಾಗಿಲಲ್ಲಿ. 2001ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಡಬ್ಬಿಯ ಮೇಲೆ ಹೊರಿಸುವುದು ಸರಿಯಲ್ಲ. ಆದರೆ ಒಬ್ಬನೇ ಗಿರಾಕಿಯ ಮುಂದೆ ಮಾರುವವನ ಬಾಯಿ ಹೇಗೆ ಕಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದದ್ದು ನನಗೆ ಸಿಕ್ಕಿಲ್ಲ.

ಬಾಗಿಲು ಒಂದೇ ಉಳಿದು, ಕೊನೆಗೆ ಅದೂ ಮುಚ್ಚಿದರೆ? ಪಶ್ಚಿಮ ವರ್ಜೀನಿಯಾದ ಮ್ಯಾಕ್‌ಡೊವೆಲ್ ಕೌಂಟಿ ಕಲ್ಲಿದ್ದಲಿನ ನಾಡು. 1950ರಲ್ಲಿ ಅಲ್ಲಿ ಒಂದು ಲಕ್ಷಕ್ಕೆ ಹತ್ತಿರ ಜನರಿದ್ದರು. ಗಣಿಗಳು ಸೊರಗಿ ಊರುಗಳು ಖಾಲಿಯಾದ ಮೇಲೆ, 2005ರಲ್ಲಿ ಕಿಂಬಾಲ್‌ನಲ್ಲಿ ವಾಲ್‌ಮಾರ್ಟ್ ಬಂತು. ತರಕಾರಿ, ಔಷಧಿ, ಟೈರು ಎಲ್ಲಕ್ಕೂ ಅದೇ. ಪರಿಚಯದವರು ಎದುರಾಗುತ್ತಿದ್ದದ್ದೂ ಅಲ್ಲೇ. 2016ರ ಜನವರಿಯಲ್ಲಿ ಕಂಪನಿ ಅಮೆರಿಕದಲ್ಲಿ 154 ಅಂಗಡಿಗಳನ್ನು ಒಟ್ಟಿಗೆ ಮುಚ್ಚಿತು, ಕಿಂಬಾಲ್ ಅದರಲ್ಲೊಂದು. ಕೆಲಸಗಳು ಹೋದವು. ಆ ಅಂಗಡಿ ಕೊಡುತ್ತಿದ್ದ ಆಹಾರವನ್ನು ಬಡವರಿಗೆ ಹಂಚುತ್ತಿದ್ದ ಸಂಸ್ಥೆಯ ಕೈ ಬರಿದಾಯಿತು. ಅಲ್ಲಿನ ಜನ ಕಂಪನಿಯನ್ನು ಶಪಿಸಲಿಲ್ಲ, ಅದು ಹೋಯಿತಲ್ಲ ಎಂದು ಅತ್ತರು. ದೊಡ್ಡ ಅಂಗಡಿ ಕೆಟ್ಟದ್ದು ಎಂದು ಒಂದೇ ಉಸಿರಿನಲ್ಲಿ ಹೇಳುವವರು ಕಿಂಬಾಲ್‌ನ ಈ ದುಃಖಕ್ಕೂ ಉತ್ತರ ಕೊಡಬೇಕು. ನಮ್ಮ ಲೇಖನ ಕೊಡಲಿಲ್ಲ.

ಹಾಗಾದರೆ ಅಗ್ಗವೂ ಇರಬೇಕು, ಕೂಲಿಯೂ ಸರಿಯಿರಬೇಕು ಎನ್ನುವುದು ದುರಾಸೆಯೇ? ಅಲ್ಲ. 2011ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಾರ್ಮಿಕ ಅಧ್ಯಯನ ಕೇಂದ್ರ ಒಂದು ಲೆಕ್ಕ ಹಾಕಿತು. ವಾಲ್‌ಮಾರ್ಟ್ ತನ್ನ ಕೆಲಸಗಾರರ ಕನಿಷ್ಠ ಕೂಲಿಯನ್ನು ಗಂಟೆಗೆ 12 ಡಾಲರಿಗೆ ಏರಿಸಿ, ಆ ಪೂರ್ತಿ ಹೊರೆಯನ್ನು ಗಿರಾಕಿಗಳ ಮೇಲೇ ಹಾಕಿದರೂ, ಒಬ್ಬ ಸಾಮಾನ್ಯ ಗಿರಾಕಿಗೆ ಒಂದು ಸಲದ ಖರೀದಿಗೆ ಹೆಚ್ಚಾಗುತ್ತಿದ್ದದ್ದು 46 ಸೆಂಟು, ವರ್ಷಕ್ಕೆ ಹನ್ನೆರಡೂವರೆ ಡಾಲರು. ಈ ಸಂಖ್ಯೆಯನ್ನು ನಾನು ಹಲವು ಸಲ ತಿರುವಿ ನೋಡಿದ್ದೇನೆ. ಅಲ್ಲಿ ಉಳಿಸಿದ ದುಡ್ಡಿನ ಸಣ್ಣ ಚೂರು ಅದು, ಕೆಲಸಗಾರ್ತಿಗೆ ಮಾತ್ರ ಮನೆ ಬಾಡಿಗೆಯ ಮಾತು. ಮುಂದೆ ಕಂಪನಿಯೇ ಕೂಲಿ ಏರಿಸಿತು: 2015ರಲ್ಲಿ 9 ಡಾಲರು, 2016ರಲ್ಲಿ 10, 2018ರಲ್ಲಿ 11, 2023ರಲ್ಲಿ 14. ಹಾಗೆಂದು ಅಂಗಡಿ ಮುಳುಗಲಿಲ್ಲ, ಗಿರಾಕಿಗಳು ಓಡಿಹೋಗಲಿಲ್ಲ. ಅದೇ ದೇಶದ ಕಾಸ್ಟ್‌ಕೊ ಕೂಡ ಅಗ್ಗಕ್ಕೇ ಹೆಸರಾದ ಅಂಗಡಿ, ಕೂಲಿಯನ್ನು ಮೊದಲಿನಿಂದಲೂ ಹೆಚ್ಚು ಕೊಟ್ಟುಕೊಂಡೇ ಬೆಳೆದಿದೆ. ನಿಮ್ಮ ಮಗನಿಗೆ ಅದು ಗೊತ್ತಿರುತ್ತದೆ. ಇನ್ನೊಂದು ಕಡೆ, 2020ರಲ್ಲಿ ಅಮೆರಿಕ ಸರ್ಕಾರದ ಲೆಕ್ಕ ತಪಾಸಣಾ ಕಚೇರಿ ನೋಡಿದಾಗ, ದುಡಿಯುತ್ತಿದ್ದರೂ ಸರ್ಕಾರದ ಆಹಾರ ನೆರವು ಪಡೆಯುವವರು ಹೆಚ್ಚಾಗಿ ಕೆಲಸ ಮಾಡುವ ಕಂಪನಿಗಳ ಮೇಲಿನ ಸಾಲಿನಲ್ಲಿ ವಾಲ್‌ಮಾರ್ಟ್ ಇತ್ತು. ಕೂಲಿಯಲ್ಲಿ ಕಡಿಮೆ ಬಿದ್ದದ್ದನ್ನು ತೆರಿಗೆ ಕಟ್ಟುವವರು ತುಂಬಿಕೊಡುತ್ತಿದ್ದರು.

ನಮ್ಮಲ್ಲಿ ಸದ್ಯಕ್ಕೆ ಬಾಗಿಲುಗಳು ತೆರೆದೇ ಇವೆ. ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್‌ನ ಶೇ 77ರಷ್ಟು ಪಾಲನ್ನು ವಾಲ್‌ಮಾರ್ಟ್ 2018ರಲ್ಲಿ 1,600 ಕೋಟಿ ಡಾಲರು ಕೊಟ್ಟು ಕೊಂಡಿತು. ಊರೂರಿಗೆ ಅಗ್ಗದ ಮಾರ್ಟುಗಳು ಬರುತ್ತಿವೆ. ಆದರೂ ಬೀದಿ ಕೊನೆಯ ಅಂಗಡಿ ಇನ್ನೂ ಇದೆ. ಅದರ ನೋವು ಬೇರೆ. ಏಜೆನ್ಸಿಯವರು ತಮಗೆ ಹಾಕುವ ರೇಟಿಗಿಂತ ಮಾರ್ಟಿನಲ್ಲಿ ಮಾರುವ ರೇಟೇ ಕಡಿಮೆ ಎಂದು ನಮ್ಮ ಬೀದಿಯ ಅಂಗಡಿಯವರು ನನಗೆ ಎರಡೂ ಬಿಲ್ ಪಕ್ಕಪಕ್ಕ ಇಟ್ಟು ತೋರಿಸಿದ್ದಾರೆ. ಕೊನೆಗೆ ಅವರು ಡಿಟರ್ಜೆಂಟ್ ಪುಡಿಯನ್ನು ಏಜೆನ್ಸಿ ಬಿಟ್ಟು ಮಾರ್ಟಿನಿಂದಲೇ ತಂದು ಮಾರುತ್ತಿದ್ದಾರೆ. ಒಂದೇ ಮಾಲಿಗೆ ದೊಡ್ಡವನಿಗೊಂದು ರೇಟು ಚಿಕ್ಕವನಿಗೊಂದು ರೇಟು ಹಾಕಬಾರದು ಎಂದು ಅಮೆರಿಕ 1936ರಲ್ಲೇ ರಾಬಿನ್ಸನ್-ಪ್ಯಾಟ್‌ಮನ್ ಕಾಯ್ದೆ ಮಾಡಿತ್ತು. 1980ರ ದಶಕದಿಂದ ಈಚೆಗೆ ಅದನ್ನು ಮೂಲೆಗೆ ಸೇರಿಸಿದರು. ವಾಲ್‌ಮಾರ್ಟ್ ಬೆಳೆದದ್ದೂ ಆ ವರ್ಷಗಳಲ್ಲೇ. ಕಾಯ್ದೆ ಬರೆದಿಟ್ಟರೆ ಸಾಲದು ಎಂಬುದನ್ನು ನಾವು ಅಲ್ಲಿಂದ ಕಲಿಯಬಹುದು.

ನೀವು ನಿಂತಿರುವ ಹೆಂಗಸಿನ ಬಗ್ಗೆ ಬರೆದದ್ದು ನನ್ನನ್ನು ಬಿಡುತ್ತಿಲ್ಲ. ಹೋದ ತಿಂಗಳು ತಂಗಿಯ ಊರಿನ ಒಂದು ಮಾರ್ಟಿನಲ್ಲಿ ಸಾಲಿನಲ್ಲಿ ನಿಂತಿದ್ದೆ. ಬಿಲ್ ಹಾಕುವ ಹುಡುಗಿಗೆ ಇಪ್ಪತ್ತು ಇಪ್ಪತ್ತೆರಡು ವಯಸ್ಸಿರಬೇಕು. ಬಲಗಾಲಿನ ಚಪ್ಪಲಿ ಬಿಟ್ಟು, ಆ ಪಾದವನ್ನು ಎಡಗಾಲಿನ ಮೀನಖಂಡಕ್ಕೆ ಒತ್ತಿ ಉಜ್ಜುತ್ತಾ ಬಿಲ್ ಹಾಕುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕಾಲು ಬದಲಾಯಿಸಿದಳು. ಕೌಂಟರಿನ ಕೆಳಗೆ ಒಂದು ಸ್ಟೂಲ್ ಇತ್ತು, ಅದರ ಮೇಲೆ ಕ್ಯಾರಿಬ್ಯಾಗಿನ ಕಟ್ಟು. "ಕೂತ್ಕೋಬಾರದೇನಮ್ಮಾ?" ಅಂದೆ. "ಕ್ಯಾಮೆರಾ ಇದೆ ಅಂಕಲ್" ಅಂದಳು, ತಲೆ ಎತ್ತದೆ. ಅವಳನ್ನು ಕೂರಿಸಿದರೆ ನನ್ನ ಬೇಳೆಯ ಬೆಲೆ ಒಂದು ಪೈಸೆಯೂ ಏರುವುದಿಲ್ಲ. ಕೋಳಿಕ್ಕೋಡಿನ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ಇದಕ್ಕಾಗಿಯೇ ವರ್ಷಗಟ್ಟಲೆ ಹೋರಾಡಿದರು. ಅವರ ಹೋರಾಟದಿಂದ ಕೇರಳ 2018ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲಿ ಬರೆಯಿತು. 2021ರಲ್ಲಿ ತಮಿಳುನಾಡೂ ಬರೆಯಿತು.

ಆದ್ದರಿಂದ ಮಾರ್ಟಿಗೆ ಹೋಗಿ, ಅಮ್ಮಾ, ಸಂಕೋಚ ಬೇಡ. ನಮ್ಮ ಮನೆಗೂ ಎಣ್ಣೆ, ತೊಗರಿಬೇಳೆ ಅಲ್ಲಿಂದಲೇ ಬರುತ್ತವೆ. ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ ಮಾತ್ರ ಬೀದಿಯ ಅಂಗಡಿಯಿಂದ, ಆ ಬಾಗಿಲು ಮುಚ್ಚದಿರಲಿ ಎಂಬ ಆಸೆಯಿಂದ. ಮುಂದಿನ ಸಲ ಹೋದಾಗ ನಿಮ್ಮೂರಿನ ಮಾರ್ಟಿನಲ್ಲಿ ಬಿಲ್ ಹಾಕುವವರಿಗೆ ಕೂರಲು ಏನಿದೆ ನೋಡಿ. ಇದ್ದರೆ ಕೂರುತ್ತಾರೆಯೇ ಎಂದೂ ನೋಡಿ. ಮ್ಯಾನೇಜರನ್ನು ಒಮ್ಮೆ ಕೇಳಿ, ಅವರು ಏನೆಂದರು ಎಂದು ನನಗೆ ಬರೆಯಿರಿ. ಆ ಪತ್ರಕ್ಕೂ ನಾಲ್ಕು ಪುಟ ಇಟ್ಟಿರುತ್ತೇನೆ.

– ಸಂಪಾದಕ